ಡಬ್ಬಿ ವಾಪಸ್ ಬೇಡ

ವರ್ಕಲಾ
3 ಆಗಸ್ಟ್ 2024

ಭುವನಾ,

ಈ ಊರೂ ಮುಗಿಯಿತು. ಸಮುದ್ರ ನೋಡಿಕೊಂಡು ಕೆಲಸ ಮಾಡುತ್ತೇನೆ ಅಂತ ಬಂದವಳಿಗೆ ಎರಡೇ ತಿಂಗಳಲ್ಲಿ ಸಮುದ್ರ ಕಂಡರೆ ಮೈ ಉರಿಯುತ್ತಿದೆ. ಪಕ್ಕದ ಕೋಣೆಯವನು ದಿನವಿಡೀ ಗಿಟಾರ್ ಬಾರಿಸುತ್ತಾನೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ವಿಡಿಯೋದಲ್ಲಿ ಯಾರು ಏನು ಹೇಳಿದರೋ ಅದನ್ನೆಲ್ಲ ಅಕ್ಷರಕ್ಕಿಳಿಸಬೇಕು. ಹೊರಗಿನ ಗಲಾಟೆ ಕಿವಿಗೆ ಬಿದ್ದರೆ ಅರ್ಧ ದಿನದ ಕೆಲಸ ಹಾಳು. ಅವನಿಗೆ ಹೇಳಿದರೆ ನಗುತ್ತಾನೆ.

ನಾಲ್ಕು ವರ್ಷದಲ್ಲಿ ಇದು ಹನ್ನೊಂದನೆಯ ಊರು. ಕಂಪನಿಯವರು ಎಲ್ಲಿ ಬೇಕಾದರೂ ಇರಿ ಅಂದುಬಿಟ್ಟಿದ್ದಾರೆ. ಎಲ್ಲಿ ಬೇಕಾದರೂ ಅಂದರೆ ಎಲ್ಲಿ ಅಂತ ಯಾರೂ ಹೇಳಿಕೊಡುವುದಿಲ್ಲ. ಇಂಗ್ಲಿಷಿನಲ್ಲಿ ನನ್ನನ್ನು ಡಿಜಿಟಲ್ ನೋಮ್ಯಾಡ್ ಅನ್ನುತ್ತಾರೆ, ಬಹಳ ಗೌರವ. ಅದನ್ನೇ ಕನ್ನಡದಲ್ಲಿ ಅಲೆಮಾರಿ ಅಂತ ಹೇಳಿ ಬಾಡಿಗೆಗೆ ಮನೆ ಕೇಳಿ ನೋಡು.

ಈಗ ನನಗೆ ನಮ್ಮ ಕಡೆಯ ಊರು ಬೇಕು. ಒಣ ಗಾಳಿ, ದೊಡ್ಡ ಬಂಡೆ, ಬಿಸಿ ಮುದ್ದೆ. ಪಾವಗಡದ ಕಡೆಯ ರಾಯಚರ್ಲಿನ ನಮ್ಮ ಮನೆಗೇ ಹೋಗಬಹುದಿತ್ತು. ಆದರೆ ಇರುವುದು ಎರಡು ಕೋಣೆ, ಒಂದರಲ್ಲಿ ಅಪ್ಪನ ಮನೆಪಾಠದ ಮಕ್ಕಳು, ಇನ್ನೊಂದರಲ್ಲಿ ಅಜ್ಜಿ. ಸುತ್ತ ಎತ್ತ ನೋಡಿದರೂ ಸೋಲಾರ್ ಪ್ಯಾನೆಲ್ಲು. ಊರಿಗೆಲ್ಲ ಕರೆಂಟು ಕಳಿಸುವ ಜಾಗದಲ್ಲಿ ನನ್ನ ನೆಟ್ ನಿಮಿಷಕ್ಕೊಮ್ಮೆ ಸಾಯುತ್ತದೆ.

ಎಲ್ಲಾದರೂ ಗೊತ್ತಿದ್ದರೆ ಹೇಳು. ಫೋನ್ ಮಾಡಬೇಡ. ದಿನಕ್ಕೆ ಎಂಟು ಗಂಟೆ ಜನರ ಮಾತು ಕೇಳಿದ ಕಿವಿಗೆ ನಿನ್ನ ದನಿಯೂ ಬೇಡ. ಬರೆ.

ಶರಣ್ಯಾ


ಯಾದಗಿರಿ
11 ಆಗಸ್ಟ್ 2024

ಶರಣ್ಯಾ,

ನೀನು ಊರು ಆರಿಸುವುದನ್ನು ನೋಡಿದರೆ ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ ಕಾಣುತ್ತೀಯ. ಇದು ಬೇಡ, ಅದು ತೋರಿಸಿ, ಅಂಚು ಸರಿಯಿಲ್ಲ. ನಾನು ಯಾದಗಿರಿಯನ್ನು ಆರಿಸಲಿಲ್ಲ ಕಣೇ, ಸರ್ಕಾರದ ಒಂದು ಕಾಗದ ಆರಿಸಿತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾ ಐದು ವರ್ಷ ಆಯಿತು. ಮೂರು ಸಲ ವರ್ಗಾವಣೆ ಕೇಳಿದೆ. ಮೂರು ಸಲವೂ ಉತ್ತರವಿಲ್ಲ. ನಿನ್ನ ಗಿಟಾರಿನವನ ಕಥೆ ಓದಿ ಕನಿಕರ ಬರಲಿಲ್ಲ, ಹೊಟ್ಟೆ ಉರಿಯಿತು.

ಇರಲಿ. ಮಧುಗಿರಿಯಲ್ಲಿ ನಮ್ಮ ಮೇಲಿನ ಮನೆ ಖಾಲಿಯಿದೆ. ಕಿಟಕಿ ತೆರೆದರೆ ಬೆಟ್ಟ ಎದುರಿಗೇ. ಕೆಳಗೆ ಅಮ್ಮ ಇದ್ದಾಳೆ, ಹೊಲಿಗೆ ಅಂಗಡಿಯ ಆರು ಮೆಷಿನ್ ಬಿಟ್ಟರೆ ಸದ್ದಿಲ್ಲ. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ತಟ್ಟೆಯಲ್ಲಿ ತಿಂದವಳಿಗೆ ಇದನ್ನು ಮೊದಲೇ ಹೇಳಬೇಕಿತ್ತು. ಅಮ್ಮನ ಹತ್ತಿರ ಮಾತಾಡಲೇ?

ಅಂದ ಹಾಗೆ, ನಿಮ್ಮ ಮನೆದೇವರು ಯಾವುದು? ಸುಮ್ಮನೆ ಕೇಳಿದೆ.

ಭುವನಾ


ಶಿರಾ
24 ಆಗಸ್ಟ್ 2024

ಭುವನಾ,

ನಿನ್ನ ಅಮ್ಮನಿಗೆ ತೊಂದರೆ ಕೊಡುವುದು ಬೇಡ ಅಂತ ಮೊದಲು ನಾನೇ ಹುಡುಕಲು ಹೊರಟೆ. ಶಿರಾದಲ್ಲಿ ಎರಡು ದಿನ ಇದ್ದೆ. ನೆಟ್ ಚೆನ್ನಾಗಿದೆ, ಆದರೆ ಹೈವೇ ಲಾರಿಗಳು ಕೋಣೆಯೊಳಗೇ ಓಡಾಡಿದ ಹಾಗೆ ಕೇಳುತ್ತವೆ. ಮಸೀದಿ ಹಿಂದಿನ ಬೀದಿಯಲ್ಲಿ ಒಂದು ಒಳ್ಳೆಯ ಮನೆ ಸಿಕ್ಕಿತ್ತು. ಒಂಟಿ ಹೆಂಗಸಿಗೆ ಕೊಡುವುದಿಲ್ಲ ಅಂದರು. ಕೊರಟಗೆರೆಯಲ್ಲಿ ಸದ್ದೂ ಇಲ್ಲ, ಸಿಗ್ನಲ್ಲೂ ಇಲ್ಲ. ಬ್ರೋಕರ್ ಕಾಡಸಿದ್ದಪ್ಪ ಅನ್ನುವವನು ಟೆರೇಸಿನ ಮೂಲೆಗೆ ಕರೆದುಕೊಂಡು ಹೋಗಿ, "ಇಲ್ಲಿ ನಿಂತ್ಕಂಡ್ರೆ ಎರಡು ಕಡ್ಡಿ ಬತ್ತದೆ ನೋಡಿ ಮೇಡಂ" ಅಂದ. ದಿನಕ್ಕೆ ಎಂಟು ಗಂಟೆ ಟೆರೇಸಿನ ಮೂಲೆಯಲ್ಲಿ ನಿಂತು ಕೆಲಸ ಮಾಡಲೇ ಅಂತ ಕೇಳಿದೆ. ಕುರ್ಚಿ ಹಾಕಿಸುತ್ತೇನೆ ಅಂದ.

ಸಾಕಾಯಿತು. ಮಾತಾಡು ನಿನ್ನ ಅಮ್ಮನ ಹತ್ತಿರ.

ಮನೆದೇವರು ಕೇಳಿದ್ದೀಯ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಫೋಟೋ ಹಾಕಿದರು. ಈಗ ನಮಗೆ ಮನೆ ಉಂಟು, ದೇವರಿಲ್ಲ. ಯಾಕೆ, ಪರೀಕ್ಷೆಗೆ ಬರುತ್ತದಾ?

ಶರಣ್ಯಾ


ಯಾದಗಿರಿ
30 ಆಗಸ್ಟ್ 2024

ಶರಣ್ಯಾ,

ಅಮ್ಮ ಒಪ್ಪಿದಳು. ಹನ್ನೊಂದು ತಿಂಗಳ ಕರಾರು. ಮನೆಯಲ್ಲಿ ಮೊಟ್ಟೆ, ಮಾಂಸ ಬೇಡ, ಅಷ್ಟೇ.

ಅಮ್ಮ ಹಳೇ ಕಾಲದವಳು, ಏನಾದರೂ ಕೇಳುತ್ತಿರುತ್ತಾಳೆ. ಎಲ್ಲದಕ್ಕೂ ಉತ್ತರ ಕೊಡಬೇಕಾಗಿಲ್ಲ. ನಕ್ಕು ಮೇಲೆ ಹೋಗಿಬಿಡು. ಹೇಗಿದ್ದರೂ ನೀನು ಎಲ್ಲೂ ಮೂರು ತಿಂಗಳಿಗಿಂತ ಹೆಚ್ಚು ಇರುವವಳಲ್ಲ.

ಭುವನಾ


ಮಧುಗಿರಿ
6 ಅಕ್ಟೋಬರ್ 2024

ಭುವನಾ,

ನಿನ್ನ ಮೇಲೆ ಸಿಟ್ಟು ಬಂದಿದೆ. ಇಂಥ ಮನೆ ಇಟ್ಟುಕೊಂಡು ನಾಲ್ಕು ವರ್ಷ ನನ್ನನ್ನು ಊರೂರು ಅಲೆಯಲು ಬಿಟ್ಟೆಯಲ್ಲ.

ಬೆಳಿಗ್ಗೆ ಎದ್ದರೆ ಬೆಟ್ಟ. ಕೆಲಸದ ನಡುವೆ ತಲೆಯೆತ್ತಿದರೂ ಬೆಟ್ಟ. ಕೋತಿಗಳು ಒಂದು ಸಲ ನೆಟ್ಟಿನ ಕೇಬಲ್ ಕಡಿದವು. ನಾನು ಕೋಲು ಹಿಡಿದು ಓಡಿಸುತ್ತಿದ್ದರೆ ಮೀಟಿಂಗಿನಲ್ಲಿದ್ದ ಏಳು ಜನ ನೋಡಿದರು. ಅದೊಂದು ಬಿಟ್ಟರೆ ಕೊರತೆಯಿಲ್ಲ. ಮೊಟ್ಟೆ ಬೇಕು ಅನ್ನಿಸಿದ ದಿನ ಬಸ್ ಸ್ಟಾಂಡಿನವರೆಗೆ ನಡೆಯುತ್ತೇನೆ. ವ್ಯಾಯಾಮ ಆಗುತ್ತದೆ.

ನಾನು ಬಂದ ಮೂರನೆಯ ದಿನವೇ ನಿನ್ನ ಅಮ್ಮ ಸ್ಟೀಲ್ ಡಬ್ಬಿಯಲ್ಲಿ ಬಿಸಿಬೇಳೆ ಭಾತ್ ತಂದರು. ಮುಚ್ಚಳದ ಮೇಲೆ ಅವರ ಹೆಸರು, ಕಮಲಾಕ್ಷಮ್ಮ ಅಂತ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದಾರೆ. ಅಂಥ ಡಬ್ಬಿ ನೋಡಿ ಎಷ್ಟು ವರ್ಷ ಆಗಿತ್ತು. ತಿಂದು, ತೊಳೆದು, ಊರಿನ ಕಡಲೆಬೀಜ ತುಂಬಿ ಕೊಟ್ಟೆ. "ಡಬ್ಬಿ ಬರಿದು ಕೊಡ್ಬಾರ್ದು ಅಂತ ನಿಮ್ಮ ಮನೇಲೂ ಹೇಳ್ಕೊಟ್ಟವ್ರೆ ನೋಡು" ಅಂತ ನಕ್ಕರು. ಈಗ ವಾರಕ್ಕೆ ಮೂರು ಸಲ ಆ ಡಬ್ಬಿ ಮೆಟ್ಟಿಲು ಹತ್ತಿ ಇಳಿಯುತ್ತದೆ. ಟೆರೇಸಿನಲ್ಲಿ ಸಂಡಿಗೆ ಒಣಹಾಕಲು ಬಂದವರು ನನ್ನ ಕುರ್ಚಿಯಲ್ಲಿ ಕೂತು, ನಾನು ಕೆಲಸ ಮಾಡುವುದನ್ನು ನೋಡಿಕೊಂಡು ಇರುತ್ತಾರೆ. "ಬರೀ ಕೇಳ್ಕಂಡು ಕೂತಿದ್ದಕ್ಕೂ ಸಂಬಳ ಕೊಡ್ತಾರಾ?" ಅಂತ ಒಂದು ದಿನ ಕೇಳಿದರು.

ಹನ್ನೊಂದು ಊರಿನಲ್ಲಿ ಯಾರೂ ನನ್ನ ಕುರ್ಚಿಯಲ್ಲಿ ಬಂದು ಕೂತಿರಲಿಲ್ಲ ಭುವನಾ. ನಾನು ಬ್ಯಾಗನ್ನು ಅಟ್ಟದ ಮೇಲೆ ಹಾಕಿದ್ದೇನೆ.

ಶರಣ್ಯಾ


ಮಧುಗಿರಿ
17 ನವೆಂಬರ್ 2024

ಭುವನಾ,

ಹೋದ ಕಾಗದಕ್ಕೆ ಉತ್ತರವಿಲ್ಲ. ಪರೀಕ್ಷೆ ಪೇಪರ್ ತಿದ್ದುತ್ತಿದ್ದೀಯ ಅಂದುಕೊಂಡು ಕ್ಷಮಿಸಿದ್ದೇನೆ.

ಮೂರು ವಾರದ ಹಿಂದೆ ಅಪ್ಪ ಬಂದಿದ್ದರು. ವೈ.ಎನ್.ಹೊಸಕೋಟೆಯಿಂದ ಹಸಿ ಕಡಲೆಕಾಯಿಯ ಚೀಲ ಹೊತ್ತುಕೊಂಡು ಬಂದು, ಅರ್ಧ ನಿನ್ನ ಅಮ್ಮನಿಗೆ ಅಂತ ಕೆಳಗೇ ಇಳಿಸಿದರು. ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಇಬ್ಬರೂ ಜಗಲಿಯಲ್ಲಿ ಏನೋ ಮಾತಾಡುತ್ತಿದ್ದರು, ಅಪ್ಪ ನಗುತ್ತಾ ಏನೋ ಹೇಳಿದ್ದು ಕಿಟಕಿಯಿಂದ ಕಂಡಿತು. ಅಪ್ಪನಿಗೂ ಮನೆ ಹಿಡಿಸಿತು.

ನಾನೀಗ ಬಾಡಿಗೆಯವಳಲ್ಲ, ಮನೆಯವಳಾಗಿಬಿಟ್ಟಿದ್ದೇನೆ. ಮೊದಲಿನ ಹಾಗೆ ಡಬ್ಬಿ ತೊಳೆದು, ತುಂಬಿ, ವಾಪಸ್ ಕೊಡುವ ಉಪಚಾರ ಈಗ ಇಲ್ಲ. ನಿನ್ನ ಅಮ್ಮ ಐಸ್‌ಕ್ರೀಮಿನ ಹಳೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೆಟ್ಟಿಲ ಮೇಲೆ ಇಟ್ಟು ಕೂಗುತ್ತಾರೆ. "ಡಬ್ಬಿ ವಾಪಸ್ ಬೇಡಮ್ಮ, ನೀನೇ ಇಟ್ಕೋ" ಅನ್ನುತ್ತಾರೆ. ಹತ್ತು ಹನ್ನೆರಡು ಸೇರಿವೆ. ತೊಳೆದು ಅಡುಗೆಮನೆಯ ಕಟ್ಟೆ ಮೇಲೆ ಜೋಡಿಸಿದ್ದೇನೆ, ಚಂದ ಕಾಣುತ್ತದೆ. ಮಂಡಿನೋವು ಹೆಚ್ಚಾಗಿದೆಯೇನೋ, ಟೆರೇಸಿಗೆ ಬರುವುದು ನಿಂತಿದೆ. ಡಾಕ್ಟರಿಗೆ ತೋರಿಸಲು ನೀನಾದರೂ ಹೇಳು.

ಶರಣ್ಯಾ


ಯಾದಗಿರಿ
21 ನವೆಂಬರ್ 2024

ಶರಣ್ಯಾ,

ಪೇಪರ್ ಬಹಳ ಇದೆ. ಅಮ್ಮ ನಿನ್ನ ಅಪ್ಪನ ಹತ್ತಿರ ಏನು ಮಾತಾಡಿದಳು? ಅವರು ಏನು ಹೇಳಿದರು? ಸ್ವಲ್ಪ ಕೇಳಿ ಬರೆ.

ಡಬ್ಬಿಗಳನ್ನು ಎಸೆದುಬಿಡು. ಪ್ಲಾಸ್ಟಿಕ್ ಆರೋಗ್ಯಕ್ಕೆ ಒಳ್ಳೆಯದಲ್ಲ.

ಭುವನಾ


ಮಧುಗಿರಿ
5 ಜನವರಿ 2025

ಭುವನಾ,

ಆರು ವಾರದಿಂದ ನಿನ್ನಿಂದ ಒಂದು ಸಾಲಿಲ್ಲ. ನಾನು ಬರೆದ ಎರಡು ಕಾಗದಕ್ಕೆ ಉತ್ತರವಿಲ್ಲ. ನಾನು ಏನು ತಪ್ಪು ಮಾಡಿದೆ ಅಂತ ಕೂತು ಯೋಚಿಸಿದೆ. ಏನೂ ಮಾಡಿಲ್ಲ. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕು ನನ್ನದೇ.

ಈಗ ಮುಖ್ಯ ವಿಷಯ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ತುಮಕೂರಿನಲ್ಲಿ ಆಪರೇಷನ್ ಮಾಡಿಸಬೇಕು, ಒಂದು ಕಣ್ಣು ಆದ ಮೇಲೆ ಇನ್ನೊಂದು, ನಡುವೆ ಪದೇ ಪದೇ ತೋರಿಸಬೇಕು. ರಾಯಚರ್ಲಿನಿಂದ ಓಡಾಡಲು ಅವಳಿಂದ ಆಗದು. ಫೆಬ್ರವರಿಯಲ್ಲಿ ಇಲ್ಲಿಗೆ ಕರೆತರುತ್ತೇನೆ. ಇನ್ನೂ ಒಂದು. ಕರಾರನ್ನು ಮೂರು ವರ್ಷಕ್ಕೆ ಮಾಡಿಸಿಕೊಳ್ಳಬೇಕು ಅಂತಿದ್ದೇನೆ. ನಾನು ಊರು ಹುಡುಕುವುದನ್ನು ನಿಲ್ಲಿಸಿದೆ. ಸಿಕ್ಕಿತು.

ಇದನ್ನು ಓದಿ ನೀನು ಕುಣಿಯಬೇಕು. ಕುಣಿದು, ಆಮೇಲೆ ಬರೆ.

ಶರಣ್ಯಾ


ಯಾದಗಿರಿ
8 ಜನವರಿ 2025

ಶರಣ್ಯಾ,

ಅಜ್ಜಿಯನ್ನು ಕರೆತರಬೇಡ. ಮೆಟ್ಟಿಲು ಕಡಿದಾಗಿವೆ, ಕಣ್ಣು ಕಾಣದವರು ಬಿದ್ದರೆ ಯಾರು ನೋಡುತ್ತಾರೆ? ಕೋತಿ ಕಾಟ ಬೇರೆ. ಬೇಸಿಗೆಯಲ್ಲಿ ನೀರಿಗೂ ಕಷ್ಟ. ತುಮಕೂರಿನಲ್ಲೇ ಒಂದು ಕೋಣೆ ಹಿಡಿ, ಆಸ್ಪತ್ರೆಗೂ ಹತ್ತಿರ. ನಿನಗೇನು, ಲ್ಯಾಪ್‌ಟಾಪ್ ಇಟ್ಟ ಕಡೆ ಆಫೀಸು.

ಮೂರು ವರ್ಷದ ಮಾತು ಈಗ ಬೇಡ. ಅದು ನಮ್ಮ ಮನೆ, ಒಂದು ಊರು ಬೇಜಾರಾಗಿ ಇನ್ನೊಂದು ಊರು ಹಿಡಿಯುವವರ ಛತ್ರ ಅಲ್ಲ. ನೀನು ಹೋಗುವವಳು. ಇರುವವರ ಕಷ್ಟ ನಿನಗೆ ಗೊತ್ತಾಗುವುದಿಲ್ಲ.

ಭುವನಾ


ಮಧುಗಿರಿ
10 ಜನವರಿ 2025

ಭುವನಾ,

ಛತ್ರ. ಚೆನ್ನಾಗಿ ಬರೆದಿದ್ದೀಯ. ನಾಲ್ಕು ಸಲ ಓದಿದೆ.

ಮೆಟ್ಟಿಲಿಗೆ ನಿನ್ನೆಯೇ ಕಬ್ಬಿಣದ ಕಂಬಿ ಹಾಕಿಸಿದ್ದೇನೆ. ವೆಲ್ಡಿಂಗ್ ಅಂಗಡಿಯ ಮುತ್ತುರಾಜ್ ಒಂದೇ ದಿನದಲ್ಲಿ ಮುಗಿಸಿಕೊಟ್ಟ. ಕೋತಿಗೆ ಕಿಟಕಿಗೆಲ್ಲ ಜಾಲರಿ ಆಗಿದೆ. ನೀರು ಇಲ್ಲಿಗಿಂತ ರಾಯಚರ್ಲಿನಲ್ಲಿ ಕಷ್ಟ, ಅಜ್ಜಿಗೆ ಒಂದು ಬಿಂದಿಗೆಯಲ್ಲಿ ದಿನ ಕಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇನ್ನೇನಾದರೂ ನೆಪ ಉಳಿದಿದ್ದರೆ ಒಟ್ಟಿಗೇ ಬರೆದು ಕಳಿಸು, ಮುತ್ತುರಾಜ್ ಇನ್ನೂ ಊರಲ್ಲೇ ಇದ್ದಾನೆ.

ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ಈಗ ಅರ್ಥವಾಯಿತು. ನಿನ್ನ ಅಮ್ಮ ನಿನಗಿಂತ ಹೆಚ್ಚಾಗಿ ನನಗೆ ಹತ್ತಿರವಾದರು, ಅದು ಸಹಿಸಲು ಆಗುತ್ತಿಲ್ಲ. ಇವತ್ತೂ ಪುಳಿಯೋಗರೆ ಕೊಟ್ಟಿದ್ದಾರೆ. ಡಬ್ಬಿಗಳನ್ನು ನಾನು ಎಸೆದಿಲ್ಲ.

ಅಜ್ಜಿ ಬರುತ್ತಾಳೆ.

ಶರಣ್ಯಾ


ಮಧುಗಿರಿ
16 ಫೆಬ್ರವರಿ 2025

ಭುವನಾ,

ಅಜ್ಜಿ ಮೊನ್ನೆ ಬಂದಳು. ಬಂದವಳು ಮೊದಲು ಗೋಡೆ ಹಿಡಿದುಕೊಂಡು ಮನೆಯೆಲ್ಲ ತಡವಿ ನೋಡಿದಳು. ಅಡುಗೆಮನೆಯ ಕಟ್ಟೆ ಮೇಲೆ ಕೈಯಾಡಿಸುತ್ತಾ ಡಬ್ಬಿಗಳ ಹತ್ತಿರ ನಿಂತಳು. ಒಂದೊಂದನ್ನೇ ಮುಟ್ಟಿದಳು. ಮೂವತ್ತೆಂಟು ಇದ್ದವು.

"ಇದೇನು ಅಮ್ಮಾಯಿ, ಇಷ್ಟೊಂದು?" ಅಂದಳು. ನಮ್ಮ ಪಾವಗಡದ ಕಡೆ ತೆಲುಗು ನಾಲಗೆಯಿಂದ ಹೋಗುವುದಿಲ್ಲ.

ಕೆಳಗಿನ ಅಮ್ಮ ಊಟ ಕೊಡುತ್ತಾರೆ, ಡಬ್ಬಿ ವಾಪಸ್ ಬೇಡ ಅನ್ನುತ್ತಾರೆ ಅಂದೆ. ಹೆಮ್ಮೆಯಿಂದಲೇ ಹೇಳಿದೆ.

ಅಜ್ಜಿ ಡಬ್ಬಿಯಿಂದ ಕೈ ತೆಗೆದಳು. "ಮೊದ್ಲಿಂದ್ಲೂ ಇಂಗೇನಾ?" ಅಂತ ಕೇಳಿದಳು. ಇಲ್ಲ, ಮೊದಲು ಸ್ಟೀಲ್ ಡಬ್ಬಿ ಕೊಡುತ್ತಿದ್ದರು ಅಂದೆ. ಯಾವಾಗಿಂದ ನಿಂತಿತು ಅಂದಳು. ಅಪ್ಪ ಬಂದು ಹೋದ ಮೇಲೆ ಅಂದೆ.

"ನೀನು ಓದಿದ್ದೆಲ್ಲ ನೀರಲ್ಲೋಯ್ತು ಕಣಮ್ಮ. ನಮ್ಗೆ ಗೌಡ್ರ ಮನೇಲಿ ತೆಂಗಿನ ಚಿಪ್ಪಲ್ಲಿ ಉಯ್ಯೋರು. ಚಿಪ್ಪು ವಾಪಸ್ ಬ್ಯಾಡ, ನೀನೇ ಇಟ್ಕಾ ಅನ್ನೋರು. ನಮ್ಮತ್ತೆ ಅಂಥ ಚಿಪ್ಪ ಸಾಲಾಗಿ ಜೋಡ್ಸಿ ಇಟ್ಟಿರ್ಲಿಲ್ಲ ಅಷ್ಟೇಯ."

ಕಣ್ಣಿಗೆ ಪೊರೆ ಬಂದ ಮುದುಕಿಗೆ ಒಂದು ನಿಮಿಷದಲ್ಲಿ ಕಂಡದ್ದು ನನಗೆ ನಾಲ್ಕು ತಿಂಗಳು ಕಾಣಲಿಲ್ಲ. ಊರೂರು ಸುತ್ತಿ, ಯಾರೂ ಏನೂ ಕೇಳದ ಜನರ ನಡುವೆ ಇದ್ದು, ನಾನು ಮರೆತೇಬಿಟ್ಟಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವುಗಳನ್ನು ಉಜ್ಜಿ ಉಜ್ಜಿ ತೊಳೆದೆನಲ್ಲ, ಸಾಲಾಗಿ ಜೋಡಿಸಿದೆನಲ್ಲ, ನಿನಗೆ ಬರೆದು ಹೇಳಿಕೊಂಡೆನಲ್ಲ.

ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಕೆಳಗೆ ಹೋದೆ. ಹೊಲಿಗೆಯವರು ಊಟಕ್ಕೆ ಹೋಗಿದ್ದರು. ನಿನ್ನ ಅಮ್ಮ ಒಬ್ಬರೇ ಮೆಷಿನ್ ಮುಂದೆ ಇದ್ದರು. ಯಾವಾಗಿಂದ ಗೊತ್ತು ಅಂತ ಕೇಳಿದೆ. ಅವರು ಗಾಬರಿಯಾಗಲಿಲ್ಲ.

"ನಿಮ್ಮಪ್ಪ ಬಂದ ದಿನ್ಲೇ ಗೊತ್ತಾಯ್ತು ಕಣಮ್ಮ. ನಿಮ್ಮನೆ ದೇವ್ರು ಸಿದ್ಧರಬೆಟ್ಟದ್ದಂತೆ, ನಮ್ಮೋರೇ ಅಂತೆ, ಭುವನಾ ಹೇಳಿದ್ಲು ಅಂದೆ. ನಿಮ್ಮಪ್ಪ ನಕ್ಕುಬುಟ್ಟು, ನಮಗೆ ಮನೆದೇವ್ರಿಲ್ಲಮ್ಮ, ಬುದ್ಧನ ಫೋಟೋ ಐತೆ ಅಂದ್ರು. ಆಮೇಲೆ ಕೇಳೋದು ಇನ್ನೇನಿತ್ತು?"

ಮತ್ತೆ ಊಟ ಯಾಕೆ ಕೊಟ್ಟಿರಿ ಅಂದೆ.

"ಒಂಟಿ ಹುಡುಗಿ, ಹಸ್ಕೊಂಡಿರ್ತೀಯ ಅಂತ ಕೊಟ್ಟೆ. ನಾನು ಹೋಗು ಅಂದ್ನಾ? ಬೇರೆಯೋರಾಗಿದ್ರೆ ಅವತ್ತೇ ಸಾಮಾನು ಆಚೆ ಹಾಕೋರು. ಸುಳ್ಳು ಹೇಳಿದ್ದು ನನ್ನ ಮಗಳು. ನಾನಲ್ಲ."

ಚೀಲವನ್ನು ಅವರ ಮುಂದೆಯೇ ಇಟ್ಟು ಮೇಲೆ ಬಂದೆ. ಸುಳ್ಳು ಹೇಳಿದವಳು ನೀನು. ಉತ್ತರ ನೀನು ಕೊಡು.

ಶರಣ್ಯಾ


ಯಾದಗಿರಿ
20 ಫೆಬ್ರವರಿ 2025

ಶರಣ್ಯಾ,

ಹೌದು, ಹೇಳಿದೆ. ನಿನಗೆ ಮನೆ ಸಿಗಲಿ ಅಂತ ಹೇಳಿದೆ. ಶಿರಾದಲ್ಲಿ ಇಲ್ಲ ಅಂದರು, ಕೊರಟಗೆರೆಯಲ್ಲಿ ಆಗಲಿಲ್ಲ. ನಿಜ ಹೇಳಿದ್ದರೆ ಅಮ್ಮನೂ ಇಲ್ಲ ಅನ್ನುತ್ತಿದ್ದಳು. ಸುಳ್ಳು ಹೇಳಿ ಬೆಟ್ಟ ಕಾಣುವ ಕಿಟಕಿ ಕೊಡಿಸಿದೆ. ಅದು ಅಷ್ಟು ದೊಡ್ಡ ಪಾಪವಾ?

ಮೇಲಿನ ಸಾಲುಗಳನ್ನು ಅಳಿಸಬೇಕು ಅನ್ನಿಸಿತು. ಅಳಿಸುವುದಿಲ್ಲ. ನಾನು ಎಂಥವಳು ಅಂತ ನಿನಗೂ ಗೊತ್ತಿರಲಿ.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ನೀನು ಪ್ಲಾಸ್ಟಿಕ್ ಡಬ್ಬಿಯ ವಿಷಯ ಬರೆದ ದಿನವೇ ನನಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಹಿತ್ತಿಲು ಗುಡಿಸಲು ಬರುತ್ತಿದ್ದವರಿಗೆ ಅಮ್ಮ ಹಾಗೆಯೇ ಕೊಡುತ್ತಿದ್ದಳು, ಅದೇ ಮಾತು ಹೇಳುತ್ತಿದ್ದಳು. ನಾನು ಅದನ್ನು ನೋಡುತ್ತಲೇ ಬೆಳೆದವಳು. ನೀನು ಸಂತೋಷದಿಂದ ಬರೆದಿದ್ದನ್ನು ಓದಿ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಪ್ಲಾಸ್ಟಿಕ್ ಒಳ್ಳೆಯದಲ್ಲ ಅಂತ ಬರೆದೆ. ಹೋಗು ಅನ್ನಲಿಲ್ಲವಲ್ಲ, ಅಷ್ಟಾದರೂ ಆಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನೀನು ಎಲ್ಲ ಊರನ್ನೂ ಬಿಟ್ಟವಳು. ಮೂರು ತಿಂಗಳಿಗೆ ಇದನ್ನೂ ಬಿಡುತ್ತೀಯ, ಯಾರಿಗೂ ಏನೂ ಗೊತ್ತಾಗದೆ ಎಲ್ಲ ಮುಗಿಯುತ್ತದೆ ಅಂತ ನಂಬಿಕೊಂಡಿದ್ದೆ. ನೀನು ಬ್ಯಾಗನ್ನು ಅಟ್ಟಕ್ಕೆ ಹಾಕಿದ್ದೇನೆ ಅಂತ ಬರೆದಾಗ ನನಗೆ ಭಯವಾಯಿತು. ಅದಕ್ಕೇ ಉತ್ತರ ಬರೆಯಲಿಲ್ಲ.

ಅಮ್ಮನನ್ನು ನಾನು ಬದಲಾಯಿಸಲು ಆಗುವುದಿಲ್ಲ. ತುಮಕೂರಿನಲ್ಲಿ ಒಂದು ಒಳ್ಳೆಯ ಮನೆ ನೋಡಿಕೊಡುತ್ತೇನೆ. ನನ್ನ ಹೆಸರಿನಲ್ಲೇ ಕರಾರು ಮಾಡಿಸುತ್ತೇನೆ.

ಭುವನಾ


ಮಧುಗಿರಿ
26 ಫೆಬ್ರವರಿ 2025

ಭುವನಾ,

ನಿನ್ನ ಹೆಸರಿನಲ್ಲಿ ಕರಾರು. ಇನ್ನೂ ನಿನಗೆ ಅರ್ಥವಾಗಿಲ್ಲ. ಮೊದಲು ನಿನ್ನ ದೇವರನ್ನು ಕೊಟ್ಟೆ, ಈಗ ಹೆಸರು ಕೊಡುತ್ತೀಯ. ನನ್ನದು ಅಂತ ಇರುವುದನ್ನು ಹೊತ್ತುಕೊಂಡು ನಾನು ಎಲ್ಲೂ ಇರಬಾರದು, ಅಲ್ಲವೇ?

ನಿನ್ನ ಅಮ್ಮನ ಮೇಲೆ ಸಿಟ್ಟಿದೆ. ಆದರೆ ನಾನು ಕೇಳಿದಾಗ ಅವರು ಮುಖ ನೋಡಿ ಹೇಳಿದರು. ನಿನ್ನ ಮೇಲಿನ ಸಿಟ್ಟು ಬೇರೆ. ಒಂದೇ ತಟ್ಟೆ ಅಂತ ಬರೆದೆಯಲ್ಲ. ಹಾಸ್ಟೆಲಿನಲ್ಲಿ ನೋಡುವವರಿರಲಿಲ್ಲ, ನೀನು ತಿಂದೆ. ನಿನ್ನ ಮನೆ ಬಾಗಿಲಿಗೆ ಬಂದಾಗ ನನಗೆ ಬೇರೆ ಬಟ್ಟೆ ತೊಡಿಸಿ ಒಳಗೆ ಬಿಟ್ಟೆ. ತೊಡಿಸಿದ್ದನ್ನು ನನಗೇ ಹೇಳಲಿಲ್ಲ. ಆ ಬಟ್ಟೆ ಜಾರಿ ಬಿದ್ದಾಗ ಕಿಟಕಿಯಲ್ಲಿ ನಿಂತು ನಗುತ್ತಿದ್ದವಳು ನಾನು. ದೂರದಲ್ಲಿ ಕೂತು ನೋಡುತ್ತಿದ್ದವಳು ನೀನು.

ನಾನು ಹೋಗುವುದಿಲ್ಲ. ಗಿಟಾರ್ ಸದ್ದಿಗೆ ಊರು ಬಿಟ್ಟವಳು, ಲಾರಿ ಸದ್ದಿಗೆ ಊರು ಬಿಟ್ಟವಳು, ಇದಕ್ಕೆ ಬಿಡುವುದಿಲ್ಲ. ಕರಾರು ಜುಲೈ ಕೊನೆಯವರೆಗೆ ಇದೆ. ಅದರಲ್ಲಿ ನನ್ನ ಹೆಸರಿದೆ, ಅಪ್ಪನ ಹೆಸರಿದೆ, ರಾಯಚರ್ಲು ಅಂತ ಇದೆ. ಜುಲೈ ಆದ ಮೇಲೆ ಇದೇ ಊರಿನಲ್ಲಿ, ಬೆಟ್ಟ ಕಾಣುವ ಬೀದಿಯಲ್ಲೇ ಇನ್ನೊಂದು ಮನೆ ಕೇಳುತ್ತೇನೆ. ಅವರು ಮನೆದೇವರು ಕೇಳುವ ಮೊದಲೇ ನಾನೇ ಹೇಳುತ್ತೇನೆ. ಹತ್ತು ಜನ ಇಲ್ಲ ಅಂದರೆ ಹನ್ನೊಂದನೆಯವರನ್ನು ಕೇಳುತ್ತೇನೆ. ಎಲ್ಲಿ ಬೇಕಾದರೂ ಇರಬಹುದು ಅಂತ ಕಂಪನಿ ಹೇಳಿದೆ. ನನಗೆ ಇಲ್ಲಿ ಬೇಕು.

ಅಜ್ಜಿಯ ಮೊದಲ ಕಣ್ಣಿನ ಆಪರೇಷನ್ ಆಯಿತು. ಅದಕ್ಕೆ ಮೊದಲು ಒಂದು ಕೆಲಸ ಮಾಡಿದಳು. ಪೇಟೆಯ ಪಾತ್ರೆ ಅಂಗಡಿಗೆ ನನ್ನ ತೋಳು ಹಿಡಿದುಕೊಂಡು ಬಂದು ಒಂದು ಸ್ಟೀಲ್ ಡಬ್ಬಿ ಕೊಂಡಳು. ಹೆಸರು ಕೊರೆಯುವವನು ಏನಂತ ಬರೆಯಲಿ ಅಂದ. "ದಾಸಮ್ಮ, ರಾಯಚರ್ಲು ಅಂತ ಬರಿಯಪ್ಪ. ದಪ್ಪಗೆ ಬರಿ" ಅಂದಳು. ಮನೆಗೆ ಬಂದು ಕಡಲೆಬೀಜದ ಉಂಡೆ ಕಟ್ಟಿ, ಡಬ್ಬಿ ತುಂಬಿ, ತಾನೇ ಕಂಬಿ ಹಿಡಿದು ಇಳಿದು, ನಿಮ್ಮ ಜಗಲಿ ಕಟ್ಟೆ ಮೇಲೆ ಇಟ್ಟಳು. "ಇಷ್ಟು ದಿವ್ಸ ನನ್ನ ಮೊಮ್ಮಗಳಿಗೆ ಉಣ್ಣಾಕಿಕ್ಕಿದ್ದೀರಿ ತಾಯಿ, ತಗಳ್ಳಿ. ಡಬ್ಬಿ ಮಾತ್ರ ವಾಪಸ್ ಬೇಕು" ಅಂದಳು.

ಇವತ್ತಿಗೆ ಐದು ದಿನ. ಡಬ್ಬಿ ಅಲ್ಲೇ ಇದೆ. ನಿನ್ನ ಅಮ್ಮ ಅದನ್ನು ಸುತ್ತಿಕೊಂಡು ಓಡಾಡುತ್ತಾರೆ. ನಿನ್ನೆ ಒಂದು ಕೋತಿ ಬಂದು ಮುಚ್ಚಳ ಎಳೆದು ನೋಡಿತು, ಬರಲಿಲ್ಲ, ಹೋಯಿತು. ಕೋತಿ ಮುಟ್ಟಿತು ಭುವನಾ. ನಿನ್ನ ಅಮ್ಮ ಮುಟ್ಟಲಿಲ್ಲ.

ತುಮಕೂರಿನಲ್ಲಿ ಮನೆ ಹುಡುಕಬೇಡ. ರಜೆ ಹಾಕಿ ಬಂದು ಆ ಡಬ್ಬಿಯನ್ನು ಒಳಗೆ ತೆಗೆದುಕೊಂಡು ಹೋಗು. ಅಲ್ಲಿಯವರೆಗೆ ಬರೆಯಬೇಡ.

ಶರಣ್ಯಾ


ಮಧುಗಿರಿ, ಕೆಳಗಿನ ಮನೆ
9 ಮಾರ್ಚ್ 2025

ಶರಣ್ಯಾ,

ಇದನ್ನು ನಿನ್ನ ಬಾಗಿಲ ಕೆಳಗೆ ತೂರಿಸಿ ಬರುತ್ತೇನೆ. ಮೊನ್ನೆ ಮೇಲೆ ಬಂದಾಗ ಅಜ್ಜಿ ಕೂರು ಅಂದರು, ನೀನು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆಯಬೇಕು ಅಂತ ನಾನೂ ಕೇಳುವುದಿಲ್ಲ.

ಡಬ್ಬಿ ಒಳಗೆ ಹೋಯಿತು. ಬಂದ ದಿನವೇ ಕಟ್ಟೆ ಮೇಲಿಂದ ಎತ್ತಿ, ಅಡುಗೆಮನೆಯ ಷೆಲ್ಫಿನಲ್ಲಿ ಅಮ್ಮನ ಡಬ್ಬಿಯ ಪಕ್ಕ ಇಟ್ಟೆ. ಅಮ್ಮನ ಮುಂದೆಯೇ ಒಂದು ಉಂಡೆ ತಿಂದೆ. "ಅಡುಗೆಮನೆ ಕೆಡ್ಸಿದೆ" ಅಂದಳು. ನೀನು ನಾಲ್ಕು ತಿಂಗಳು ಒಬ್ಬಳ ಮನಸ್ಸು ಕೆಡಿಸಿದೆಯಲ್ಲ ಅಂದೆ. ಅಮ್ಮನಿಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ನಾನು ಮಾಡಿದ್ದನ್ನೂ ಹೇಳಿದೆ. ಇವಳು ನಮ್ಮೋಳು ಅಂತ ನಿನಗೆ ಸುಳ್ಳು ಹೇಳಿ ಇಬ್ಬರಿಗೂ ಅವಮಾನ ಮಾಡಿದೆ ಅಂದೆ.

ಮೂರು ದಿನ ಅಮ್ಮ ಅಡುಗೆ ಮಾಡಲಿಲ್ಲ. ಅಂಗಡಿಯಲ್ಲೇ ಅವಲಕ್ಕಿ ತಿಂದಳು. ನಾನೊಬ್ಬಳೇ ಬೇಯಿಸಿಕೊಂಡು, ಒಂದೊಂದು ಉಂಡೆ ತಿನ್ನುತ್ತಾ ಬಂದೆ. ಇವತ್ತು ಬೆಳಿಗ್ಗೆ ಡಬ್ಬಿ ಖಾಲಿಯಾಯಿತು. ಕೊನೆಯದೊಂದು ಉಂಡೆ ಉಳಿದಿತ್ತು ಅಂತ ನನಗೆ ಚೆನ್ನಾಗಿ ನೆನಪು. ಅದನ್ನು ನಾನು ತಿಂದಿಲ್ಲ. ಅಮ್ಮನನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ಎಷ್ಟು ದಿನ ಇಟ್ಕೊಂಡಿರ್ತೀಯ, ಅವ್ರ ಸಾಮಾನು ಅವ್ರಿಗೆ ಕೊಟ್ಬುಡು" ಅಂತ ಮಾತ್ರ ಅಂದಳು. ಬರಿದೇ ಕೊಡಲೇ ಅಂತ ಕೇಳಿದೆ. ಅಮ್ಮ ಮೆಷಿನ್ ತುಳಿಯುತ್ತಾ ಕೂತಳು.

ನಾಡಿದ್ದು ನನ್ನ ರಜೆ ಮುಗಿಯುತ್ತದೆ. ಡಬ್ಬಿ ಎಂಜಲಾಗಿಯೇ ಸಿಂಕಿನಲ್ಲಿದೆ. ನಾನೇ ತೊಳೆದು ತಂದುಕೊಡಲೇ?

ಭುವನಾ


ಮಧುಗಿರಿ, ಮೇಲಿನ ಮನೆ
9 ಮಾರ್ಚ್ 2025

ಭುವನಾ,

ಬೇಡ. ತೊಳೆಯಬೇಕಾದವಳು ನೀನಲ್ಲ, ಸಿಂಕಿನಲ್ಲೇ ಇರಲಿ. ನೀನು ಯಾದಗಿರಿಗೆ ಹೋಗು.

ನಮಗೆ ಅವಸರವಿಲ್ಲ, ನಾವು ಇಲ್ಲೇ ಇರುತ್ತೇವೆ. ಅಜ್ಜಿಗೆ ಒಂದು ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಡಬ್ಬಿ ಮೇಲೆ ಬಂದ ದಿನ ಅದು ಬರಿದಾಗಿದೆಯೋ ತುಂಬಿದೆಯೋ ಅಂತ ಅವಳೇ ಮುಚ್ಚಳ ತೆಗೆದು ನೋಡುತ್ತಾಳೆ. ಆಮೇಲೆ ತೊಳೆದವರು ಯಾರು ಅಂತ ನಿನಗೆ ಬರೆಸಿ ಕೇಳುತ್ತಾಳೆ. ಆಗ ಸುಳ್ಳು ಹೇಳಬೇಡ.

ಶರಣ್ಯಾ